ಓದುಗರ ಪ್ರಶ್ನೆ: ವಿಶೇಷ ಶಾಲೆ ಮುಗಿದ ಮೇಲೆ ಮಗನಿಗೆ ಯಾವ ಕೆಲಸ?

ಪ್ರಶ್ನೆ: ಮಗನಿಗೆ 17 ವರ್ಷ. ಬೌದ್ಧಿಕ ಅಂಗವೈಕಲ್ಯವಿದೆ. ಹೇಳಿದ್ದು ತಿಳಿಯುತ್ತದೆ, ಎಣಿಕೆ ಐದು ದಾಟಿದರೆ ತಪ್ಪುತ್ತದೆ. ಶಾಲೆ ಮುಗಿದೊಡನೆ ಮೇಣದಬತ್ತಿ ತರಬೇತಿಗೆ ಸೇರಿಸಿ ಅನ್ನುತ್ತಾರೆ. ಸೇರಿಸಲೇ?
– ಒಬ್ಬ ತಾಯಿ, ದಾವಣಗೆರೆ ಜಿಲ್ಲೆ

ಉತ್ತರ: ಮೇಣದಬತ್ತಿ ಮಾಡಿಸಿ ಸಂಬಳ ಕೊಡುವವರು ನಿಮ್ಮ ಸುತ್ತಮುತ್ತ ಇದ್ದಾರೆಯೇ? ಇಲ್ಲದಿದ್ದರೆ ಬೇಡ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸುವುದೇ ಈ ಮಕ್ಕಳಿಗೆ ಕಷ್ಟ. ದುಡಿಯುವ ಜಾಗದಲ್ಲೇ ಕಲಿಸಿ. ಹತ್ತಿರದ ಬೇಕರಿ, ದಿನಸಿ ಅಂಗಡಿ, ಊದುಬತ್ತಿ ಪ್ಯಾಕಿಂಗ್ ಮಾಡುವವರನ್ನು ಈಗಲೇ ಕೇಳಿ. ಶಾಲೆಯಲ್ಲಿರುವಾಗಲೇ ವಾರಕ್ಕೆ ಎರಡು ದಿನ, ಎರಡೆರಡು ಗಂಟೆ ಹೋಗಿಬರಲಿ.

ಎಣಿಕೆ ಬಾರದ್ದು ಅಡ್ಡಿಯಲ್ಲ. ಡಬ್ಬಿಗೆ ಒಂದು ಡಜನ್ ಊದುಬತ್ತಿ ಪೊಟ್ಟಣ ತುಂಬಬೇಕೆನ್ನಿ. ಬಡಗಿಗೆ ಹೇಳಿ 12 ಗುಳಿಯ ಮರದ ತಟ್ಟೆ ಮಾಡಿಸಿ. ಗುಳಿಗೊಂದು ಪೊಟ್ಟಣ, ಎಲ್ಲ ತುಂಬಿದಾಗ ಡಬ್ಬಿಗೆ. ಕಲಿಸುವಾಗ ಕೊನೆಯ ಹಂತದಿಂದ ಶುರುಮಾಡಿ. ಮೊದಲಿಗೆ ಮಿಕ್ಕದ್ದೆಲ್ಲ ನೀವು ಮಾಡಿ, ಮುಚ್ಚಳ ಹಾಕುವುದು ಮಾತ್ರ ಅವನಿಗಿರಲಿ. ಅದು ಕೈಗೆ ಕೂತ ಮೇಲೆ ಅದರ ಹಿಂದಿನದು. ಹೀಗೆ ಮಾಡಿದರೆ ಪ್ರತಿಸಲ ಡಬ್ಬಿ ಮುಗಿಸಿದವನು ಅವನೇ ಆಗುತ್ತಾನೆ, ಉತ್ಸಾಹ ಇಳಿಯುವುದಿಲ್ಲ. ಬಾಯಲ್ಲಿ ಹೇಳುತ್ತಲೇ ಇರಬೇಡಿ. ಹೇಳಿದರಷ್ಟೇ ಕೈ ಆಡಿಸುವ ಅಭ್ಯಾಸ ಬಿದ್ದರೆ ಬಿಡಿಸುವುದು ಬಲು ಕಷ್ಟ. ಬೆರಳಲ್ಲಿ ತೋರಿಸಿ, ತುಸು ಕಾಯಿರಿ, ದಿನ ಕಳೆದಂತೆ ದೂರ ನಿಲ್ಲಿ.

ಕೆಲಸ ಚೆನ್ನಾಗಿ ಬರುವ ಹುಡುಗರೂ ಟೀ ಬಿಡುವಿನಲ್ಲಿ ಎಡವುತ್ತಾರೆ. ಏನು ಮಾಡಬೇಕೆಂದು ಯಾರೂ ಹೇಳದ ಆ 15 ನಿಮಿಷದಲ್ಲಿ ಬೇರೆಯವರ ಬುತ್ತಿ ತೆರೆಯುತ್ತಾರೆ, ಗೇಟು ದಾಟುತ್ತಾರೆ. ಬಿಡುವನ್ನೂ ಕಲಿಸಲೇಬೇಕು: ಕೈ ತೊಳೆ, ಟೀ ಕುಡಿ, ಲೋಟ ಇಡು, ಇದೇ ಕುರ್ಚಿಯಲ್ಲಿ ಕೂರು. ಈ ನಾಲ್ಕರ ಚಿತ್ರ ಗೋಡೆಗೆ ಅಂಟಿಸಿ.

ಯುಡಿಐಡಿ ಕಾರ್ಡಿನಲ್ಲಿ (ಅಂಗವಿಕಲರ ಗುರುತಿನ ಚೀಟಿ) ಅವಧಿ ನಮೂದಾಗಿದ್ದರೆ ಮುಗಿಯುವ ಮೊದಲೇ ನವೀಕರಿಸಿ; ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಅನ್ನುತ್ತಾರಲ್ಲ, ಆ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಸಂಬಳಕ್ಕೆ ಅವನ ಹೆಸರಲ್ಲೇ ಖಾತೆ ಇರಲಿ. 18 ತುಂಬಿದ ಮೇಲೆ ಹೆತ್ತವರೂ ತಾವಾಗಿಯೇ ಕಾನೂನುಬದ್ಧ ಪೋಷಕರಲ್ಲ. ಅಗತ್ಯ ಬಿದ್ದರೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬಹುದು.

ಪ್ರಶ್ನೆ: ಮಗಳಿಗೆ ಕಿವಿ ಕೇಳಿಸುವುದಿಲ್ಲ. ಐಟಿಐ ಮುಗಿಸಿದ್ದಾಳೆ. ಹೋದಲ್ಲೆಲ್ಲ ‘ಯಂತ್ರದ ಸದ್ದು ಕೇಳದೆ ಹೇಗೆ ಕೆಲಸ ಮಾಡ್ತಾಳೆ?’ ಅಂತಾರೆ.
– ಒಬ್ಬ ತಂದೆ, ತುಮಕೂರು

ಉತ್ತರ: ಆ ಪ್ರಶ್ನೆಗೆ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು ಸಂದರ್ಶನಕ್ಕೆ ಮೊದಲೇ ಕಳುಹಿಸಿ: ಅಪಾಯದ ಸೂಚನೆಗೆ ಮಿನುಗುವ ದೀಪ, ದಿನದ ಕೆಲಸ ವಾಟ್ಸಾಪಿನಲ್ಲಿ ಬರಹವಾಗಿ, ಸಂದರ್ಶನದ ದಿನ ಸನ್ನೆ ಭಾಷೆಯ ದುಭಾಷಿ. ಇಷ್ಟೇ ಬೇಕು ಎಂದು ಗೊತ್ತಾದರೆ ಹಿಂಜರಿಕೆ ಕಡಿಮೆಯಾಗುತ್ತದೆ. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗೆ ಸಮಾನ ಅವಕಾಶ ನೀತಿ ಇರಬೇಕು, ಅಂಗವಿಕಲರ ನೇಮಕಾತಿ ನೋಡಿಕೊಳ್ಳಲು ಒಬ್ಬ ಸಂಪರ್ಕ ಅಧಿಕಾರಿಯೂ ಇರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ನಿಯಮವಿದು. ಹಾಳೆಯನ್ನು ಆ ಅಧಿಕಾರಿಯ ಕೈಗೇ ಕೊಡಿ. ಸರ್ಕಾರಿ ಹುದ್ದೆಗಳಿಗೂ ಅರ್ಜಿ ಹಾಕಿಸಿ. ಅದೇ ಕಾಯ್ದೆಯ ಶೇ 4ರ ಮೀಸಲಾತಿಯಲ್ಲಿ ಶೇ 1 ಕಿವುಡರಿಗೆ ಮತ್ತು ಶ್ರವಣದೋಷ ಉಳ್ಳವರಿಗೆ ಇದೆ.