ಎತ್ತೋ ಕೈ ಬೇಡ, ಹತ್ತೋ ದಾರಿ ಬೇಕು

ಓದುಗರೊಬ್ರ ಕಾಗದ ಬಂದಿದೆ. ವೀಲ್‌ಚೇರ್ ಬಳಸೋ ಅಮ್ಮನ್ನ ಕರ್ಕೊಂಡು ಒಂದು ಸಣ್ಣ ಊರಿಗೆ ಪ್ರವಾಸ ಹೋಗಿದ್ರಂತೆ. ಮುಂದೆ ಸರೋವರ, ಹಿಂದೆ ಗುಡ್ಡ, ಗುಡ್ಡದ ಮೇಲೆ ಹಳೇ ಕೋಟೆ, ಊರೆಲ್ಲ ಕಲ್ಲು ಹಾಸಿನ ಬೀದಿ. ಹೋಟೆಲ್‌ನೋರು ಫೋನಲ್ಲಿ "ವೀಲ್‌ಚೇರಾ? ಏನೂ ತೊಂದ್ರೆ ಇಲ್ಲ ಬನ್ನಿ" ಅಂದಿದ್ರು, ಹೋಗಿ ನೋಡಿದ್ರೆ ಬಾಗಿಲಲ್ಲೇ ಮೂರು ಮೆಟ್ಟಿಲು. ಆದ್ರೆ ನಾಲ್ಕು ಜನ ಹುಡುಗ್ರು ಓಡಿ ಬಂದು ಕುರ್ಚಿ ಸಮೇತ ಎತ್ತಿ ಒಳಗಿಟ್ರಂತೆ, ಮಾರನೇ ದಿನ ಕೋಟೆಗೂ ಹಾಗೇ ಹೊತ್ತು ಹತ್ತಿಸಿದ್ರಂತೆ. ಕೊನೇಲಿ ಅವ್ರು ಬರ್ದಿರೋದು ಹೀಗೆ: "ಜನರಲ್ಲಿ ಒಳ್ಳೇತನ ಇದ್ರೆ ರ‍್ಯಾಂಪು, ಲಿಫ್ಟು ಯಾವ್ದೂ ಬೇಡ ಸರ್. ಅಂಥ ಚಂದದ ಊರಿಗೆ ಕಾಂಕ್ರೀಟ್ ಸುರಿದು ಹಾಳು ಮಾಡಬಾರ್ದು ಅಂತ ನಿಮ್ಮ ಪತ್ರಿಕೆ ಗಟ್ಟಿಯಾಗಿ ಹೇಳ್ಬೇಕು."

ಸಂಪಾದಕರ ಉತ್ತರ:

ಮೊದಲು ಒಪ್ಪೋದನ್ನ ಒಪ್ಪಿಬಿಡ್ತೀನಿ. ಹುಡುಗ್ರು ಒಳ್ಳೆಯವ್ರು, ಅವ್ರಿಗೆ ನನ್ನ ನಮಸ್ಕಾರ. ಅಮ್ಮನ್ನ ಮನೇಲಿ ಬಿಟ್ಟು ಹೋಗ್ದೆ ಜೊತೇಲಿ ಕರ್ಕೊಂಡು ಹೋದ ನೀವೂ ಒಳ್ಳೆಯವ್ರು, ಎಷ್ಟೋ ಮನೆಗಳಲ್ಲಿ ಅದೂ ಆಗಲ್ಲ. ಕಾಗದಾನೂ ಚೆನ್ನಾಗಿ ಬರ್ದಿದೀರ, ಸರೋವರದ ಮೇಲೆ ಬಿಸಿಲು ಬೀಳೋದನ್ನ ವರ್ಣಿಸಿರೋ ಪ್ಯಾರಾ ಅಂತೂ ನಾನು ಆಫೀಸಲ್ಲಿ ಎಲ್ರಿಗೂ ಓದಿ ಹೇಳ್ದೆ. ಇನ್ನು ಜಗಳಕ್ಕೆ ಬರ್ತೀನಿ.

ಎರಡು ಪುಟದ ಕಾಗದದಲ್ಲಿ ನಿಮ್ಮ ತಾಯಿ ಒಂದೇ ಒಂದು ಮಾತೂ ಆಡಿಲ್ಲ ಗಮನಿಸಿದ್ರಾ? ಹುಡುಗ್ರು ಮಾತಾಡ್ತಾರೆ, ಮ್ಯಾನೇಜರ್ ಮಾತಾಡ್ತಾನೆ, ಕೋಟೆ ಕಾವಲುಗಾರ ಇತಿಹಾಸ ಹೇಳ್ತಾನೆ, ಕುರ್ಚಿಯಲ್ಲಿ ಕೂತು ನಾಲ್ಕು ಜನ ಅಪರಿಚಿತರ ಭುಜದ ಎತ್ತರದಲ್ಲಿ ತೇಲಿಕೊಂಡು ಹೋದೋರು ಮಾತ್ರ ಸುಮ್ನೆ. ಅವ್ರಿಗೆ ಭಯ ಆಯ್ತಾ, ನಾಚಿಕೆ ಆಯ್ತಾ, ಮಜಾ ಬಂತಾ, ನಂಗೊತ್ತಿಲ್ಲ, ನೀವೂ ಬರ್ದಿಲ್ಲ. ಎತ್ತಿಸಿಕೊಳ್ಳೋದು ಅಂದ್ರೆ ಎತ್ತೋರಿಗೆ ಪುರುಸೊತ್ತಾದಾಗ ಹತ್ತಬೇಕು, ಅವ್ರಿಗೆ ಪುರುಸೊತ್ತಾದಾಗ ಇಳೀಬೇಕು. ಮಧ್ಯೆ "ಇನ್ನೊಂದು ಹತ್ತು ನಿಮಿಷ ಇರ್ಲಾ" ಅಂತ ಕೇಳೋಕೆ ಸಂಕೋಚ, "ಬಾತ್‌ರೂಮ್‌ಗೆ ಹೋಗ್ಬೇಕು" ಅನ್ನೋಕಂತೂ ಕೇಳ್ಲೇಬೇಡಿ. ನನ್ನ ಪರಿಚಯದ ಹೆಂಗಸೊಬ್ರು, ವೀಲ್‌ಚೇರ್ ಬಳಸ್ತಾರೆ, ಪ್ರವಾಸದ ದಿನ ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ, ಕೇಳಿದ್ರೆ "ನೋಡೋ ಜಾಗ ಎಲ್ಲಿ ಬೇಕಾದ್ರೂ ಸಿಗತ್ತೆ, ಹೋಗೋ ಜಾಗ ಸಿಗಲ್ಲ" ಅಂತ ನಗ್ತಾರೆ.

ಇನ್ನೊಂದು, ಎಲ್ಲಾ ಕುರ್ಚೀನೂ ಎತ್ತೋಕೆ ಆಗಲ್ಲ. ಮಡಚೋ ಕುರ್ಚಿ ಆದ್ರೆ ಏನೋ ಒಂದು, ಬ್ಯಾಟರಿ ಇರೋ ಪವರ್ ಚೇರ್ ಎಷ್ಟೋ ಮಾಡೆಲ್‌ಗಳು ಆಳು ಕೂರೋಕೆ ಮುಂಚೇನೇ 100 ಕಿಲೋ ದಾಟತ್ತೆ. ಮ್ಯಾನ್ಯುಯಲ್ ಕುರ್ಚೀಲೂ ಆರ್ಮ್‌ರೆಸ್ಟು, ಫುಟ್‌ರೆಸ್ಟು ಕಳಚೋ ಹಾಗೆ ಮಾಡಿರ್ತಾರೆ, ಗೊತ್ತಿಲ್ದೋರು ಅದನ್ನೇ ಹಿಡ್ದು ಎತ್ತಿದ್ರೆ ಅದು ಕೈಗೇ ಬರತ್ತೆ, ಕುರ್ಚಿ ಕೆಳಗೇ ಉಳಿಯತ್ತೆ. ನಿಮ್ಮ ಹುಡುಗ್ರ ಅದೃಷ್ಟ, ಅದಕ್ಕಿಂತ ಹೆಚ್ಚಾಗಿ ತಾಯಿಯವ್ರ ಅದೃಷ್ಟ.

ಈ ಮಡಚೋ ಕುರ್ಚಿ ಹುಟ್ಟಿದ್ದೇ ತಿರುಗಾಡೋ ಆಸೆಯಿಂದ. ಅಮೆರಿಕದ ಹರ್ಬರ್ಟ್ ಎವರೆಸ್ಟ್ ಅನ್ನೋ ಗಣಿ ಎಂಜಿನಿಯರ್ ಅಪಘಾತದಲ್ಲಿ ಬೆನ್ನು ಮುರ್ಕೊಂಡ್ರು, ಆಗಿನ ಕುರ್ಚಿಗಳೋ ದೊಡ್ಡ ಮರದ ಸಿಂಹಾಸನಗಳು, ಕಾರಿಗೆ ಹಾಕೋ ಮಾತೇ ಇಲ್ಲ. 1930ರ ದಶಕದಲ್ಲಿ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಜೊತೆ ಸೇರಿ ಉಕ್ಕಿನ ಕೊಳವೆಯಲ್ಲಿ, ಅಡಿಯಲ್ಲಿ ಕತ್ತರಿ ಥರ ಮಡಚೋ ಕುರ್ಚಿ ಮಾಡಿದ್ರು, ಮಡಚು, ಕಾರಲ್ಲಿಡು, ಹೊರಡು. ಅಂದ್ರೆ ಕುರ್ಚಿ ಪ್ರವಾಸಕ್ಕೆ ರೆಡಿಯಾಗಿ ಹತ್ತಿರ ಹತ್ತಿರ ನೂರು ವರ್ಷ ಆಗ್ತಾ ಬಂತು, ಹೋಟೆಲ್ ಬಾಗಿಲು ಇನ್ನೂ ರೆಡಿಯಾಗಿಲ್ಲ.

ಬಾಗಿಲ ಲೆಕ್ಕ ಹೇಳ್ತೀನಿ ಕೇಳಿ. ಬಹಳಷ್ಟು ದೇಶಗಳ ನಿಯಮದಲ್ಲಿ ರ‍್ಯಾಂಪ್‌ನ ಇಳಿಜಾರು 1:12, ಅಂದ್ರೆ ಒಂದಡಿ ಏರೋಕೆ ಹನ್ನೆರಡು ಅಡಿ ಉದ್ದ. ನಿಮ್ಮ ಹೋಟೆಲ್‌ನ ಮೂರು ಮೆಟ್ಟಿಲು ತಲಾ 15 ಸೆಂಟಿಮೀಟರ್ ಅಂತಿಟ್ಕೊಂಡ್ರೆ 45 ಸೆಂಟಿಮೀಟರ್, ಅದಕ್ಕೆ 5.4 ಮೀಟರ್ ರ‍್ಯಾಂಪ್ ಬೇಕು. ಎಷ್ಟೋ ಕಡೆ "ನಮ್ಮಲ್ಲಿ ರ‍್ಯಾಂಪ್ ಇದೆ" ಅಂತ ಎದೆ ತಟ್ಕೊಂಡು ತೋರ್ಸೋದು ಮೆಟ್ಟಿಲ ಮೇಲೆ ಒರಗಿಸಿರೋ ಒಂದೂವರೆ ಮೀಟರ್ ಹಲಗೆ, ಅದು ರ‍್ಯಾಂಪಲ್ಲ ಸ್ವಾಮಿ, ಜಾರುಬಂಡೆ.

ಈಗ ನಿಮ್ಮ ಕೋಟೆಗೆ ಬರೋಣ. ಕೂತಿರೋರ ಕಣ್ಣು ನೆಲದಿಂದ ಸುಮಾರು 1.1, 1.2 ಮೀಟರ್ ಎತ್ತರದಲ್ಲಿರತ್ತೆ. ವ್ಯೂ ಪಾಯಿಂಟ್‌ಗಳ ಕಟ್ಟೆ ಗೋಡೆ, ರೇಲಿಂಗಿನ ಮೇಲಿನ ದಪ್ಪ ಕಂಬಿ ಬಹುಪಾಲು ಅಷ್ಟೇ ಎತ್ತರಕ್ಕೆ ಬರತ್ತೆ. ನಿಂತಿರೋ ನೀವು "ಆಹಾ ಸರೋವರ" ಅಂತಿರುವಾಗ ಪಕ್ಕದಲ್ಲೇ ಕೂತೋರು ನೋಡ್ತಿರೋದು ಕಲ್ಲಿನ ಗೋಡೆಯ ಒಳಮೈ. ಬೆನ್ನು ನೋಯಿಸ್ಕೊಂಡು ಹುಡುಗ್ರು ಅಷ್ಟೆತ್ತರ ಹೊತ್ತು ತಂದಿದ್ದು ಇದಕ್ಕಾ? ತಾಯಿಯವ್ರನ್ನ ಕೇಳಿ ನೋಡಿ, ಮೇಲಿಂದ ನೀರು ಕಂಡಿತ್ತಾ ಅಂತ. ಗೋಡೇಲಿ ಒಂದು ಕಡೆ ಜಾಗ ತಗ್ಗಿಸಿ ತೆಳು ಕಂಬಿ ಹಾಕಿದ್ರೆ ಕೂತೋರಿಗೂ ಮಕ್ಕಳಿಗೂ ಕಾಣತ್ತೆ, ಅದಕ್ಕೇನೂ ಕಾಂಕ್ರೀಟ್ ಸುರೀಬೇಕಾಗಿಲ್ಲ.

ಅಸಲಿಗೆ ಇಂಥ ಊರಲ್ಲಿ ಒಳ್ಳೇ ನೋಟ ಕೆಳಗೇ ಇರತ್ತೆ. ಸರೋವರದ ದಂಡೆ ತಾನಾಗೇ ಮಟ್ಟಸ, ಯಾರೂ ಖರ್ಚು ಮಾಡ್ಬೇಕಿಲ್ಲ. ಆದ್ರೆ ನೋಡಿ, ಅಲ್ಲೇ ಹೋಗಿ ಅಲಂಕಾರಕ್ಕೆ ಅಂತ ಜಲ್ಲಿ ಹಾಸ್ತಾರೆ, ಮುಂದಿನ ಸಣ್ಣ ಚಕ್ರ ಹೂತು ನಿಂತುಬಿಡತ್ತೆ. ಬೈಕ್ ಬರಬಾರ್ದು ಅಂತ ದಾರಿಗೆ ಅಡ್ಡಡ್ಡ ಕಂಬಿ ನೆಡ್ತಾರೆ, ಬೈಕಿನೋನು ಹೇಗೋ ಓರೆ ಮಾಡ್ಕೊಂಡು ನುಗ್ತಾನೆ, ವೀಲ್‌ಚೇರ್ ಮಾತ್ರ ಹೊರಗೆ. ಮಳೆನೀರು ಹರೀಲಿ ಅಂತ ಫುಟ್‌ಪಾತನ್ನ ಪಕ್ಕಕ್ಕೆ ವಾಲಿಸ್ತಾರೆ, ಆ ವಾಟ ನೂರಕ್ಕೆ ಎರಡಕ್ಕಿಂತ ಜಾಸ್ತಿ ಆದ್ರೆ ಕುರ್ಚಿ ಸದಾ ರಸ್ತೆ ಕಡೆಗೇ ಎಳೀತಿರತ್ತೆ, ಒಂದೇ ಕೈಲಿ ಬ್ರೇಕ್ ಹಿಡ್ದು ಇನ್ನೊಂದರಲ್ಲಿ ತಳ್ಕೊಂಡು ಹೋಗೋರ ಭುಜ ಸಂಜೆಗೆ ಏನಾಗಿರತ್ತೆ ಅಂತ ಕಲ್ಲು ಹಾಸಿದ ಕಂಟ್ರಾಕ್ಟರಿಗೆ ಗೊತ್ತಾಗೋದು ಹೇಗೆ.

ಊರಿನ ಹಳೇ ಚಂದ ಹಾಳಾಗತ್ತೆ ಅಂತೀರಿ. ಈ ಭಯ ಪೂರ್ತಿ ಸುಳ್ಳಲ್ಲ, ಗ್ರೀಸ್ ದೇಶದ ಅಥೆನ್ಸ್‌ನಲ್ಲಿ ಗುಡ್ಡದ ಮೇಲಿರೋ ಪುರಾತನ ಸ್ಮಾರಕ ಅಕ್ರೊಪೊಲಿಸ್‌ನಲ್ಲಿ 2020ರಲ್ಲಿ ಹೊಸ ಲಿಫ್ಟ್ ಜೊತೆಗೆ ಕಾಂಕ್ರೀಟ್ ದಾರಿ ಹಾಕಿದಾಗ ಪುರಾತತ್ವದೋರು ಸಿಟ್ಟಾಗಿ ಬರ್ದಿದ್ದು ನಾನೂ ಓದಿದೀನಿ, ಅವ್ರ ಮಾತಲ್ಲೂ ಹುರುಳಿತ್ತು. ಆದ್ರೆ ಆವಿಲಾ ನೋಡಿ. ಸ್ಪೇನ್‌ನ ಪುಟ್ಟ ಊರು, ಸುತ್ತ ಎರಡೂವರೆ ಕಿಲೋಮೀಟರ್ ಮಧ್ಯಯುಗದ ಕೋಟೆಗೋಡೆ, ಯುನೆಸ್ಕೋ ಪಟ್ಟಿಯಲ್ಲಿರೋದು. ಯುರೋಪಿಯನ್ ಕಮಿಷನ್ ವೀಲ್‌ಚೇರ್‌ಗೆ, ಕುರುಡರಿಗೆ, ಎಲ್ರಿಗೂ ಅನುಕೂಲ ಮಾಡಿರೋ ನಗರಕ್ಕೆ ಆಕ್ಸೆಸ್ ಸಿಟಿ ಅವಾರ್ಡ್ ಅಂತ ಕೊಡೋಕೆ ಶುರು ಮಾಡಿದಾಗ ಮೊಟ್ಟಮೊದಲು, 2011ರ ಪ್ರಶಸ್ತಿ, ಸಿಕ್ಕಿದ್ದು ಈ ಗೋಡೆ ಊರಿಗೆ. ಗೋಡೆಯ ಒಂದು ಭಾಗದ ಮೇಲೆ ವೀಲ್‌ಚೇರ್‌ನಲ್ಲೇ ಹೋಗಬಹುದು, ಗೋಡೆ ಬಿದ್ದುಹೋಗಿಲ್ಲ. 2017ರಲ್ಲಿ ಇಂಗ್ಲೆಂಡಿನ ಚೆಸ್ಟರ್‌ಗೆ ಸಿಕ್ತು. ರೋಮನ್ನರ ಕಾಲದ ಊರು, ಬೀದಿಯಿಂದ ಒಂದಂತಸ್ತು ಮೇಲೆ ಅಂಗಡಿ ಸಾಲಿನ ಹಳೇ ಮೊಗಸಾಲೆಗಳಿವೆ, 'ರೋಸ್' ಅಂತಾರೆ, ಅಲ್ಲಿಗೂ ರ‍್ಯಾಂಪು, ಲಿಫ್ಟು ಇದೆ. ನಂಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು 2019ರಲ್ಲಿ ಗೆದ್ದ ನೆದರ್ಲ್ಯಾಂಡ್ಸ್‌ನ ಬ್ರೆಡಾ. ಅಲ್ಲಿ ಹಳೇ ಬೀದಿಯ ಉಬ್ಬುತಗ್ಗು ಕಲ್ಲುಗಳನ್ನ ಕಿತ್ತು ಎಸೀಲಿಲ್ಲ, ಅವನ್ನೇ ಕತ್ತರಿಸಿ, ತಲೆಕೆಳಗು ಮಾಡಿ, ಮಟ್ಟಸ ಮುಖ ಮೇಲೆ ಬರೋ ಹಾಗೆ ಮತ್ತೆ ಜೋಡಿಸಿದ್ರು. ಅದೇ ಕಲ್ಲು, ಅದೇ ಬೀದಿ, ಚಕ್ರ ಸರಾಗ. ಹೀಗೆ ಯೋಚ್ನೆ ಮಾಡೋ ಎಂಜಿನಿಯರ್ ಇದ್ರೆ ನಿಮ್ಮ ಆ ಊರಿಗೂ ಒಬ್ಬನೇ ಸಾಕು.

ಹಳೇದು ಅನ್ನೋದು ನೆಪ ಅಂತ ನಾನು ಯಾಕೆ ಹೇಳ್ತೀನಿ ಗೊತ್ತಾ? ವೆನಿಸ್‌ನಲ್ಲಿ 2008ರಲ್ಲಿ ಗ್ರ್ಯಾಂಡ್ ಕೆನಾಲ್ ಮೇಲೆ ಗಾಜು, ಉಕ್ಕಿನ ಹೊಚ್ಚ ಹೊಸ ಸೇತುವೆ ಕಟ್ಟಿದ್ರು, ಸ್ಯಾಂಟಿಯಾಗೊ ಕಲಟ್ರಾವಾ ಅಂಥ ಜಗತ್ಪ್ರಸಿದ್ಧ ವಾಸ್ತುಶಿಲ್ಪಿಯ ಡಿಸೈನು, ಪೂರ್ತಿ ಮೆಟ್ಟಿಲು! ಇಪ್ಪತ್ತೊಂದನೇ ಶತಮಾನದಲ್ಲಿ! ಬೈಗುಳ ತಿಂದ ಮೇಲೆ ವೀಲ್‌ಚೇರ್‌ನೋರನ್ನ ದಾಟಿಸೋಕೆ ಅಂತ ಪಕ್ಕಕ್ಕೆ ಮೊಟ್ಟೆ ಆಕಾರದ ಒಂದು ಕ್ಯಾಬಿನ್ ತೂಗಿಬಿಟ್ರು, ಅದು ಸರಿಯಾಗಿ ಕೆಲ್ಸಾನೇ ಮಾಡ್ಲಿಲ್ಲ, 2020ರಲ್ಲಿ ತೆಗೆದುಹಾಕಿದ್ರು. ಅದೇ ಊರಲ್ಲಿ ಮ್ಯಾರಥಾನ್ ಓಡೋರಿಗೆ ಮೆಟ್ಟಿಲು ಕಷ್ಟ ಅಂತ ಹಳೇ ಸೇತುವೆಗಳ ಮೇಲೆ ರ‍್ಯಾಂಪ್ ಹಾಕ್ತಾರೆ, ಓಟ ಮುಗಿದ ಮೇಲೂ ತಿಂಗಳುಗಟ್ಟಲೆ ಹಾಗೇ ಬಿಡ್ತಾರೆ, ಆಗ ವೀಲ್‌ಚೇರ್‌ನೋರೂ ದಾಟ್ತಾರೆ. ಗಟ್ಟಿ ಕಾಲಿರೋರು ಕೇಳಿದ ತಕ್ಷಣ ರ‍್ಯಾಂಪ್ ಬರತ್ತೆ, ಸೇತುವೆ ಅಂದವೂ ಕೆಡಲ್ಲ, ಇದನ್ನ ಓದಿ ನಗ್ಬೇಕೋ ಅಳ್ಬೇಕೋ ನೀವೇ ಹೇಳಿ.

"ಇದ್ರಿಂದ ಸೂಟ್‌ಕೇಸ್ ಎಳೆಯೋರಿಗೂ, ಮಗು ಗಾಡಿ ತಳ್ಳೋರಿಗೂ ಅನುಕೂಲ" ಅಂತ ಕೆಲವ್ರು ರ‍್ಯಾಂಪ್ ಪರ ವಾದ ಮಾಡ್ತಾರೆ. ನಿಜಾನೇ, ಆದ್ರೆ ನಂಗೆ ಆ ವಾದ ಹಿಡಿಸಲ್ಲ. ಮನುಷ್ಯರು ಬಾಗಿಲ ಒಳಗೆ ಬರೋಕೆ ಸೂಟ್‌ಕೇಸಿನ ಶಿಫಾರಸು ಯಾಕೆ ಬೇಕು? ಅಂಗವಿಕಲರ ಹಕ್ಕುಗಳ ಬಗ್ಗೆ ಇರೋ 2006ರ ವಿಶ್ವಸಂಸ್ಥೆ ಒಡಂಬಡಿಕೆಯ 30ನೇ ವಿಧಿಯಲ್ಲಿ ಪ್ರವಾಸ, ಸ್ಮಾರಕ, ಮನರಂಜನೆ ಎಲ್ಲಾನೂ ಬರೆದಿದೆ, ಆಸ್ಪತ್ರೆ ಮತ್ತೆ ಆಫೀಸಿಗಷ್ಟೇ ದಾರಿ ಕೊಡಿ ಅಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಒಂದಲ್ಲ ಒಂದು ಗಣನೀಯ ವೈಕಲ್ಯ ಇರೋರು ಜಗತ್ತಲ್ಲಿ 130 ಕೋಟಿ, ಆರು ಜನರಲ್ಲಿ ಒಬ್ರು. "ಅಂಥೋರು ಇಲ್ಲಿಗೆ ಬರೋದೇ ಇಲ್ವಲ್ಲ" ಅಂತ ಮೂರು ಮೆಟ್ಟಿಲ ಮೇಲೆ ನಿಂತು ಹೇಳೋ ಹೋಟೆಲ್‌ನೋರ ಧೈರ್ಯ ಮೆಚ್ಚಬೇಕು.

ಬೋರ್ಡಿಗೇನೂ ಕಮ್ಮಿ ಇಲ್ಲ. ನೀಲಿ ಹಿನ್ನೆಲೆಯ ಬಿಳಿ ವೀಲ್‌ಚೇರ್ ಚಿತ್ರ ಇದೆಯಲ್ಲ, ಅದನ್ನ 1968ರಲ್ಲಿ ಬರ್ದಿದ್ದು ಸುಸಾನ್ ಕೊಫೋಡ್ ಅನ್ನೋ ಡೆನ್ಮಾರ್ಕಿನ ವಿದ್ಯಾರ್ಥಿನಿ. ಮೊದಲು ಬರೀ ಕುರ್ಚಿ ಇತ್ತು, ಆಮೇಲೆ ಸಮಿತಿಯೋರು ಮೇಲೊಂದು ಗುಂಡು ತಲೆ ಇಟ್ರು. ಈಗ ಆ ಚಿತ್ರ ಅಂಟಿಸಿರೋ ಟಾಯ್ಲೆಟ್ ಬಾಗಿಲು ತೆಗೆದ್ರೆ ಒಳಗೆ ಪೊರಕೆ, ಬಕೆಟ್ಟು, ಮುರಿದ ಕುರ್ಚಿ, ಬೀಗದ ಕೈ ಯಾರತ್ರ ಇದೆ ಅಂತ ಯಾರಿಗೂ ಗೊತ್ತಿಲ್ಲ. ಡಿಸೆಂಬರ್ 3ಕ್ಕೆ ಅಂಗವಿಕಲರ ದಿನಾಚರಣೆ ಅಂತ ನನ್ನನ್ನೂ ಒಂದ್ಸಲ ಕರೆದಿದ್ರು, ವೇದಿಕೆಗೆ ಮೆಟ್ಟಿಲು ಬಿಟ್ರೆ ಬೇರೆ ದಾರಿ ಇಲ್ಲ, ಸನ್ಮಾನ ಮಾಡಿಸ್ಕೊಳ್ಳೋರು ಕೆಳಗೆ, ಮಾಡೋರು ಮೇಲೆ, ಹಾರ ಹಾಕೋಕೆ ಸಚಿವರು ಬಗ್ಗಿ ಬಗ್ಗಿ ಸುಸ್ತಾದ್ರು.

ನಮ್ಮ ಪ್ರವಾಸ ಲೇಖಕರೂ ಕಮ್ಮಿ ಏನಲ್ಲ. "ಏದುಸಿರು ಬಿಡುತ್ತಾ ನೂರಾರು ಮೆಟ್ಟಿಲೇರಿದಾಗ ಆಯಾಸವೆಲ್ಲ ಮಾಯ" ಅನ್ನೋ ಸಾಲು ಇಲ್ದಿರೋ ಲೇಖನ ನನ್ನ ಟೇಬಲ್ಲಿಗೆ ಬಂದಿದ್ದು ಅಪರೂಪ, ಮೆಟ್ಟಿಲು ಎಷ್ಟು, ಬೇರೆ ದಾರಿ ಇದ್ಯಾ, ಟಾಯ್ಲೆಟ್ ಎಲ್ಲಿ, ಒಬ್ರೂ ಬರೆಯಲ್ಲ.

ನಿಮ್ಮ ಮುಂದಿನ ಪ್ರವಾಸಕ್ಕೆ ಒಂದು ಮಾತು. ಫೋನಲ್ಲಿ "ತೊಂದ್ರೆ ಇಲ್ವಾ" ಅಂತ ಕೇಳ್ಬೇಡಿ, ಇಲ್ಲ ಅಂತಾನೇ ಹೇಳ್ತಾರೆ. ಅಳತೆ ಕೇಳಿ. ತಾಯಿಯವ್ರ ಕುರ್ಚಿ ಅಗಲ ಮೊದಲು ನೀವೇ ಅಳೀರಿ, ಸಾಮಾನ್ಯವಾಗಿ 60ರಿಂದ 70 ಸೆಂಟಿಮೀಟರ್ ಒಳಗಿರತ್ತೆ. ಬಾಗಿಲು ತೆಗೆದಾಗ 80 ಸೆಂಟಿಮೀಟರ್ ಆದ್ರೂ ಖಾಲಿ ಸಿಗ್ಬೇಕು. ರೂಮಿನ ಬಾಗಿಲಲ್ಲಿ ಕುರ್ಚಿ ಹೋಗಿ ಬಾತ್‌ರೂಮ್ ಬಾಗಿಲಲ್ಲಿ ಸಿಕ್ಕಾಕ್ಕೊಳ್ಳೋದೇ ಹೆಚ್ಚು, ಅದನ್ನ ಬೇರೆಯಾಗಿ ಕೇಳಿ. ಒಳಗೆ ಕುರ್ಚಿ ಸುತ್ತು ತಿರುಗೋಕೆ ಒಂದೂವರೆ ಮೀಟರ್ ಬೇಕು, ಕಮೋಡ್ ಪಕ್ಕ ಕುರ್ಚಿ ನಿಲ್ಲಿಸೋ ಜಾಗ, ಹಿಡ್ಕೊಳ್ಳೋ ಕಂಬಿ ಬೇಕು. ಬಾಗಿಲಿಗೆ ಟೇಪ್ ಹಿಡ್ದು ಫೋಟೋ ಕಳ್ಸಿ ಅನ್ನಿ, ಕಳಿಸದೇ ಇದ್ರೆ ಅದೇ ಉತ್ತರ ಅಂತ ತಿಳ್ಕೊಳ್ಳಿ. ಬಸ್ಸಿಳಿಯೋ ಜಾಗದಿಂದ ಹೋಟೆಲ್‌ಗೆ, ಅಲ್ಲಿಂದ ದಂಡೆಗೆ, ದಂಡೇಲಿ ಒಂದು ಟಾಯ್ಲೆಟ್, ಇಷ್ಟು ಒಂದೇ ಒಂದು ದಾರಿ ಎಲ್ಲೂ ಕಡಿಯದೆ ಇದ್ರೆ ಸಣ್ಣ ಊರಲ್ಲಿ ಮುಕ್ಕಾಲು ಪ್ರವಾಸ ಆಗೋಯ್ತು, ದೊಡ್ಡ ನಗರಗಳಿಗೆ ಇಲ್ದಿರೋ ಅನುಕೂಲ ಇದು.

ಇನ್ಮೇಲೆ ನಮಗೆ ಪ್ರವಾಸ ಲೇಖನ ಕಳಿಸೋರು ಕೊನೇಲಿ ಮೆಟ್ಟಿಲು ಎಷ್ಟು, ಮಟ್ಟಸ ದಾರಿ ಎಲ್ಲಿಂದ, ಟಾಯ್ಲೆಟ್ ಬಾಗಿಲು ಎಷ್ಟಗಲ ಅಂತ ಬರೀಬೇಕು. ಸೂರ್ಯಾಸ್ತ ಎಷ್ಟೇ ಚೆನ್ನಾಗಿದ್ರೂ ಇದಿಲ್ದಿದ್ರೆ ಲೇಖನ ವಾಪಸ್.