ಬಿಸಿಲೆ ದಾರಿ: ಮೂರು ಸರ್ಕಾರಗಳ ಕೊನೇ ಮೂಲೆ

ಬಿಸಿಲೆ ಘಾಟಿಯ ರಸ್ತೆ ಮ್ಯಾಪಿನಲ್ಲಿ ನೋಡಿದರೆ ರಾಜ್ಯ ಹೆದ್ದಾರಿ 85 ಅಂತಿದೆ, ಹೋಗಿಬಂದವರ ಫೋಟೊ ನೋಡಿದರೆ ಎಸ್ಟೇಟಿನ ಒಳರಸ್ತೆ ಇದ್ದಂಗಿದೆ, ಯಾವುದು ನಿಜ ಅಂತ ಕೇಳಿದ್ದೀರಿ. ಎರಡೂ ನಿಜ. ನಮ್ಮ ಸಕಲೇಶಪುರದ ಕಡೆಯವರಿಗೆ ಅದರಲ್ಲಿ ವಿಶೇಷ ಏನೂ ಕಾಣುವುದಿಲ್ಲ. ನೀವು ಬಯಲುಸೀಮೆಯವರಾದ್ದರಿಂದ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ದಾಖಲೆಯಲ್ಲಿ ಇದು ಬೆಂಗಳೂರು–ಜಾಲ್ಸೂರು ರಸ್ತೆ. ಮಾಗಡಿ, ಹುಲಿಯೂರುದುರ್ಗ, ನಾಗಮಂಗಲ, ಕೆ.ಆರ್. ಪೇಟೆ ದಾಟಿ ಹೊಳೆನರಸೀಪುರಕ್ಕೆ ಬಂದಾಗ ಹೇಮಾವತಿ ಸಿಗುತ್ತದೆ. ಅಲ್ಲಿಂದ ಅರಕಲಗೂಡು. ಇಷ್ಟು ದೂರ ರಾಗಿ, ತೆಂಗು, ಆಲೂಗೆಡ್ಡೆ, ತಂಬಾಕಿನ ಸೀಮೆ. ರಸ್ತೆಯೂ ಸಾಮಾನ್ಯ ರಸ್ತೆ, ಹೇಳುವಂಥದ್ದು ಹೆಚ್ಚೇನಿಲ್ಲ. ಅರಕಲಗೂಡಿನಿಂದ ಮುಂದೆ ಕೊಡಗಿನ ಉತ್ತರದ ತುದಿ, ಅಂದರೆ ಶನಿವಾರಸಂತೆ ಹಾದು, ಮತ್ತೆ ಹಾಸನ ಜಿಲ್ಲೆಯ ಯಸಳೂರು, ಹೆತ್ತೂರು ಹೋಬಳಿಗಳ ಕಾಫಿ ತೋಟಗಳಿಗೆ ನುಗ್ಗುತ್ತೀರಿ. ವಣಗೂರು ಕೂಡುರಸ್ತೆಯಲ್ಲಿ ಸಕಲೇಶಪುರದಿಂದ ಬರುವ ದಾರಿಯೂ ಸೇರಿಕೊಳ್ಳುತ್ತದೆ. ಅಲ್ಲಿಂದ ಬಿಸಿಲೆ, ಬಿಸಿಲೆಯಿಂದ ಘಾಟಿ ಇಳಿದರೆ ದಕ್ಷಿಣ ಕನ್ನಡದ ಕುಲ್ಕುಂದ, ಪಕ್ಕದಲ್ಲೇ ಸುಬ್ರಹ್ಮಣ್ಯ. ಆಮೇಲೆ ಗುತ್ತಿಗಾರು, ಕೊನೆಗೆ ಜಾಲ್ಸೂರು. ಜಾಲ್ಸೂರಿನಿಂದ ಇನ್ನೊಂದು ರಸ್ತೆ ಹಿಡಿದರೆ ಚೆರ್ಕಳ, ಕಾಸರಗೋಡು. ಮಾಗಡಿಯ ರಾಗಿ ಹೊಲದಲ್ಲಿ ಶುರುವಾದದ್ದು ಹೆಚ್ಚುಕಮ್ಮಿ ಮಲಯಾಳದ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಈಗ ನಿಮ್ಮ ಪ್ರಶ್ನೆ. ಹೆದ್ದಾರಿ ಅಂತ ಹೆಸರಿದ್ದೂ ಘಾಟಿಯಲ್ಲಿ ಒಂದೇ ವಾಹನದ ಅಗಲ ಯಾಕೆ? ಕಾಡು, ಮಳೆ ಅಂತ ಎಲ್ಲರೂ ಹೇಳುತ್ತಾರೆ. ಬೆಂಗಳೂರು–ಮಂಗಳೂರು ಹೆದ್ದಾರಿ ಇಳಿಯುವ ಶಿರಾಡಿ ಘಾಟಿಯಲ್ಲೂ ಕಾಡಿದೆ, ಮಳೆಯಿದೆ. ನನ್ನ ಲೆಕ್ಕದಲ್ಲಿ ಕಾರಣ ಬೇರೆ. ಈ ದಾರಿಗೆ ಯಾವತ್ತೂ ಒಬ್ಬ ಯಜಮಾನ ಇರಲಿಲ್ಲ. 1956ರ ನವೆಂಬರ್ 1ರವರೆಗೆ ಘಟ್ಟದ ಮೇಲಿನ ನಾವು ಮೈಸೂರಿನವರು. ಶನಿವಾರಸಂತೆಯವರದ್ದು ಕೊಡಗು, ಅದೇ ಒಂದು ಪ್ರತ್ಯೇಕ ರಾಜ್ಯ. ಘಟ್ಟದ ಕೆಳಗಿನ ಸುಬ್ರಹ್ಮಣ್ಯ ದಕ್ಷಿಣ ಕೆನರಾ, ಆ ಜಿಲ್ಲೆಗೆ ದೊರೆ ಮದ್ರಾಸು. ಅದಕ್ಕೂ ಹಿಂದೆ ಹೋದರೆ ಸುಳ್ಯ ಸೀಮೆ ಕೊಡಗಿನ ಅರಸರ ಕೈಯಲ್ಲಿತ್ತು. 1834ರಲ್ಲಿ ಕೊಡಗನ್ನು ನುಂಗಿದ ಕಂಪನಿ ಸರ್ಕಾರ ಅದನ್ನು ಕೆನರಾಕ್ಕೆ ಸೇರಿಸಿತು. ಮೂರು ಸರ್ಕಾರಗಳಿಗೂ ಇದು ಕೊನೇ ಮೂಲೆ. ಮೂಲೆಗೆ ದುಡ್ಡು ಸುರಿಯುವವರು ಯಾರು? ಮಂಗಳೂರಿಗೆ ಬೇಕಾದ ದೊಡ್ಡ ದಾರಿ ಶಿರಾಡಿಯಲ್ಲಿ ಆಯಿತು, ಇನ್ನೊಂದು ಚಾರ್ಮಾಡಿಯಲ್ಲಿ. ಬಿಸಿಲೆ ಕಾಲುದಾರಿ, ಎತ್ತಿನ ದಾರಿಯಾಗಿಯೇ ಉಳಿದು, ಆಮೇಲೆ ನಿಧಾನಕ್ಕೆ ಡಾಂಬರು ಕಂಡಿತು.

ಸೈನ್ಯಕ್ಕೆ ಬೇಕಾದಾಗ ಮಾತ್ರ ದಾರಿ ಬೇಗ ಆಗುತ್ತದೆ, ಅದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದ್ ಅಂತ ಹೆಸರು. ಟಿಪ್ಪು 1792ರಲ್ಲಿ ಕಟ್ಟಿಸಿದ ನಕ್ಷತ್ರದಾಕಾರದ ಕೋಟೆ ಈಗಲೂ ಇದೆ. ಟಿಪ್ಪು ಸತ್ತ ಮೇಲೆ ಇಲ್ಲಿನ ಬಲಂ ಸೀಮೆಯ ಪಾಳೇಗಾರ ಕಂಪನಿಗೆ ತಲೆಬಾಗಲಿಲ್ಲ. ಕಾಡೇ ಅವನ ಕೋಟೆ. 1802ರಲ್ಲಿ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ, ದಂಡು ತಂದು ಪಾಳೇಗಾರನನ್ನು ಹಿಡಿದು ಗಲ್ಲಿಗೇರಿಸಿದ. ಮತ್ತೆ ಯಾರೂ ಅಡಗಿ ಕೂರಬಾರದು ಅಂತ ಕಾಡು ಸೀಳಿ ರಸ್ತೆಗಳನ್ನೂ ಮಾಡಿಸಿದ. ನಮ್ಮ ಸೀಮೆಗೆ ರಸ್ತೆ ಬಂದದ್ದು ನಮ್ಮ ಅನುಕೂಲಕ್ಕಲ್ಲ, ನಮ್ಮನ್ನು ಬಗ್ಗಿಸುವುದಕ್ಕೆ.

ಹಾಗಿದ್ದೂ ಬಿಸಿಲೆ ದಾರಿ ಮುಚ್ಚಿಹೋಗದೆ ಉಳಿಯಿತಲ್ಲ, ಅದಕ್ಕೆ ಕಾರಣ ಷಷ್ಠಿ ಮತ್ತು ದನ. ಮಾರ್ಗಶಿರದ ಚಂಪಾಷಷ್ಠಿಗೆ ಸುಬ್ರಹ್ಮಣ್ಯಕ್ಕೆ ನಡೆದು ಹೋಗುವುದು ಘಟ್ಟದ ಮೇಲಿನವರ ಹಳೇ ಪದ್ಧತಿ. ಅದೇ ಸುಮಾರಿಗೆ ಘಾಟಿಯ ಬುಡದ ಕುಲ್ಕುಂದದಲ್ಲಿ ದೊಡ್ಡ ದನಗಳ ಜಾತ್ರೆ ಕೂಡುತ್ತಿತ್ತು. ಕೆಳಗಿನವರಿಗೆ ಗದ್ದೆ ಉಳಲು ಎತ್ತು ಬೇಕು, ಒಳ್ಳೇ ಎತ್ತು ಬೆಳೆಯುವುದು ಮೇಲಿನ ಹುಲ್ಲಿನಲ್ಲಿ. ಜೋಡಿ ಎತ್ತಿಗೆ ಲಾಳ ಕಟ್ಟಿಸಿ, ಕೊರಳಿಗೆ ಗೆಜ್ಜೆ ಹಾಕಿ ಘಾಟಿ ಇಳಿಸುತ್ತಿದ್ದರು. ಹೋಗುವಾಗ ಎತ್ತು, ಬರುವಾಗ ಉಪ್ಪು, ಒಣಮೀನು, ತೆಂಗಿನಕಾಯಿ, ಅಡಿಕೆ. ವ್ಯಾಪಾರ ಕುದುರಿಸುವುದು ಟವಲ್ಲಿನ ಕೆಳಗೆ ಬೆರಳು ಹಿಡಿದು. ಪಕ್ಕದಲ್ಲಿ ನಿಂತವನಿಗೂ ರೇಟು ಗೊತ್ತಾಗಬಾರದು. ಒಬ್ಬ ತುಳುವ, ಇನ್ನೊಬ್ಬ ಅರೆಭಾಷೆಯ ಗೌಡ, ಮತ್ತೊಬ್ಬ ನಮ್ಮವನು, ಬೆರಳಿಗೆ ಮಾತ್ರ ಎಲ್ಲ ಭಾಷೆಯೂ ಬರುತ್ತಿತ್ತು. ಟಿಲ್ಲರ್ ಬಂದ ಮೇಲೆ ಎತ್ತು ಕೇಳುವವರಿಲ್ಲದೆ ಜಾತ್ರೆಯ ಕಳೆ ಹೋಯಿತು. ಷಷ್ಠಿ ನಂಟು ಮಾತ್ರ ಇನ್ನೂ ಗಟ್ಟಿ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ಕಾವೇರಿ ದಡದ ಸುಬ್ರಹ್ಮಣ್ಯನಿಗೆ ಇವತ್ತಿಗೂ ತುಳು ಷಷ್ಠಿ ಅಂತಲೇ ತೇರು ಎಳೆಯುತ್ತಾರೆ.

ನೀವು ಬಂದಾಗ ಬಿಸಿಲೆಗೆ ಸಮೀಪದ ಮಂಕನಹಳ್ಳಿಯ ಕಲ್ಲನ್ನು ನೋಡದೆ ಹೋಗಬೇಡಿ. ಬ್ರಿಟಿಷರ ಕಾಲದ್ದು, 'ರಿಡ್ಜ್' ಅಂತ ಇಂಗ್ಲಿಷಿನಲ್ಲಿ ಕೊರೆದಿದ್ದಾರೆ. ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಅರಬ್ಬೀ ಸಮುದ್ರ. ಕಲ್ಲಿನ ಪೂರ್ವಕ್ಕೆ ಬಿದ್ದ ಮಳೆ ಹೇಮಾವತಿ ಸೇರಿ, ಗೊರೂರು ಅಣೆಕಟ್ಟೆ ದಾಟಿ, ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯಾಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಳಗೆ ಹೋಗುತ್ತದೆ. ಫೋಟೊ ತೆಗೆಯಲು ದೊಡ್ಡದೇನೂ ಇಲ್ಲ, ಮೊಣಕಾಲುದ್ದದ ಪಾಚಿ ಹಿಡಿದ ಕಲ್ಲು ಅಂದುಕೊಂಡೇ ಬನ್ನಿ. ಇದೇ ತಾಲ್ಲೂಕಿನಲ್ಲಿ ಎತ್ತಿನಹೊಳೆಯಿಂದ ಪಶ್ಚಿಮದ ನೀರನ್ನು ಪಂಪು ಹಾಕಿ ಪೂರ್ವಕ್ಕೆ ಎತ್ತುವ ಕೆಲಸ 2024ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಕಲ್ಲು ಮಾತ್ರ ಹಳೇ ಲೆಕ್ಕವನ್ನೇ ಹೇಳುತ್ತಾ ನಿಂತಿದೆ.

ಬಿಸಿಲೆಯ ವ್ಯೂ ಪಾಯಿಂಟಿನಿಂದ ಎದುರಿಗೆ ಕಾಣುವ ಶಿಖರವೇ ಕುಮಾರಪರ್ವತ, 1712 ಮೀಟರ್. ಸುಬ್ರಹ್ಮಣ್ಯದವರಿಗೆ ಅದು ಬೆನ್ನಿಗೆ, ನಮಗೆ ಮುಖಕ್ಕೆ. ಮಳೆಗಾಲದಲ್ಲಿ ಬೆಟ್ಟ ಇದೆಯೋ ಇಲ್ಲವೋ ಅನ್ನುವ ಹಾಗೆ ಮಂಜು ಮುಚ್ಚಿರುತ್ತದೆ. ಅಷ್ಟು ದೂರ ಬಂದು ಬಿಳೀ ಗೋಡೆ ನೋಡಿ ವಾಪಸು ಹೋದವರು ಬಹಳ ಮಂದಿ.

ಇನ್ನು ಯಾರ ಕಣ್ಣಿಗೂ ಬೀಳದ ಈ ರಸ್ತೆ ಯಾವಾಗ ಸುದ್ದಿಯಾಗುತ್ತದೆ ಅಂದರೆ, ಶಿರಾಡಿ ಮುಚ್ಚಿದಾಗ. 2015ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ಕಾಂಕ್ರೀಟ್ ಹಾಕಲು ಶಿರಾಡಿಯನ್ನು ತಿಂಗಳುಗಟ್ಟಲೆ ಬಂದ್ ಮಾಡಿದರು. 2018ರಲ್ಲಿ ತೆರೆದು ತಿಂಗಳು ತುಂಬಿತೋ ಇಲ್ಲವೋ, ಆಗಸ್ಟಿನ ಮಳೆಗೆ ಗುಡ್ಡ ಕುಸಿದು ಮತ್ತೆ ಮುಚ್ಚಿತು. 2024ರ ಜುಲೈನಲ್ಲಿ ದೊಡ್ಡತಪ್ಲು ಹತ್ತಿರ ಮತ್ತೆ ಗುಡ್ಡ ಜರಿಯಿತು. ಅಂಥ ಹೊತ್ತಿನಲ್ಲಿ ಮಂಗಳೂರಿನ ಕಾರುಗಳೆಲ್ಲ ನಮ್ಮ ಹಳ್ಳಿ ದಾರಿಗೆ ಬೀಳುತ್ತವೆ. ತಿರುವಿನಲ್ಲಿ ಎರಡು ಟೆಂಪೊ ಎದುರುಬದುರಾದರೆ ಹಿಂದಿನ ಸಾಲು ಕರಗಲು ಗಂಟೆ ಬೇಕು. ಕಾರಿನಲ್ಲಿ ಬಂದವರು ಇಳಿದು ರಸ್ತೆಯನ್ನು ಬಯ್ಯುತ್ತಾರೆ. ನಮಗೆ ನಗು ಬರುತ್ತದೆ, ವರ್ಷಪೂರ್ತಿ ಇದರಲ್ಲೇ ಬಾಣಂತಿಯನ್ನು ಆಸ್ಪತ್ರೆಗೆ ಸಾಗಿಸುವವರು ನಾವು. ರೈಲಿನಿಂದಲೂ ಈ ಭಾಗಕ್ಕೆ ಪ್ರಯೋಜನ ಅಷ್ಟಕ್ಕಷ್ಟೆ. 1979ರಲ್ಲಿ ಮೀಟರ್ ಗೇಜಿನಲ್ಲಿ ಶುರುವಾಗಿ, 1996ರಲ್ಲಿ ನಿಂತು, 2007ರ ಡಿಸೆಂಬರಿನಲ್ಲಿ ಬ್ರಾಡ್ ಗೇಜಿನ ಮೇಲೆ ಜನರನ್ನು ಹೊತ್ತ ಹಾಸನ–ಮಂಗಳೂರು ರೈಲು 57 ಸುರಂಗಗಳಲ್ಲಿ ತೂರಿ ಹೋಗುತ್ತದೆ ನಿಜ, ಆದರೆ ಹೆತ್ತೂರಿನವನು ಅದನ್ನು ಹತ್ತಬೇಕಾದರೆ ಮೊದಲು ಸಕಲೇಶಪುರಕ್ಕೆ ಬರಬೇಕು.

ಹೊರಡುವ ಮುಂಚೆ ಒಂದೆರಡು ಮಾತು. ಘಾಟಿಯ ಬಹುಭಾಗಕ್ಕೆ ಈಗ ಕಾಂಕ್ರೀಟ್ ಬಿದ್ದಿದೆ, ಮೊದಲಿನ ಹೊಂಡಗಳ ಕಾಟ ಇಲ್ಲ. ಕಾಂಕ್ರೀಟಿನ ಅಂಚು ಮಾತ್ರ ಎತ್ತರ, ಎದುರಿನವರಿಗೆ ಜಾಗ ಬಿಡಲು ಹೋಗಿ ಚಕ್ರ ಕೆಳಗಿಳಿಸಿದರೆ ಮೇಲೆ ಹತ್ತಿಸುವುದು ಕಷ್ಟ. ಅಗಲ ಇರುವ ಕಡೆ ಮೊದಲೇ ನಿಲ್ಲಿಸಿ ಕಾಯಿರಿ. ಘಾಟಿ ಹತ್ತುತ್ತಿರುವವರಿಗೆ ದಾರಿ ಬಿಡಬೇಕು. ಪ್ರತಿ ತಿರುವಿಗೂ ಹಾರನ್ ಹೊಡೆಯಿರಿ, ಆನೆ ಎದುರಾದರೆ ಮಾತ್ರ ಹೊಡೆಯಬೇಡಿ. ಯಸಳೂರು, ಆಲೂರು, ಸಕಲೇಶಪುರದ ಕಡೆ ಆನೆ ಅನ್ನುವುದು ಕಥೆಯಲ್ಲ, ತೋಟದ ಕೆಲಸಕ್ಕೆ ಹೋಗುವವರು ಬೆಳಿಗ್ಗೆ ಆನೆ ಎಲ್ಲಿದೆ ಅಂತ ಫೋನಿನಲ್ಲಿ ವಿಚಾರಿಸಿಯೇ ಗೇಟು ದಾಟುವುದು. ಪೆಟ್ರೋಲು ಶನಿವಾರಸಂತೆಯಲ್ಲೇ ಹಾಕಿಸಿಕೊಳ್ಳಿ. ಘಾಟಿಯಲ್ಲಿ ಫೋನ್ ಸಿಗ್ನಲ್ ನಂಬಬೇಡಿ. ಕತ್ತಲಾಗುವುದರೊಳಗೆ ಕುಲ್ಕುಂದ ಮುಟ್ಟಬೇಕು, ಅಂದರೆ ಬಿಸಿಲೆಯನ್ನು ನಾಲ್ಕು ಗಂಟೆಗೆ ಬಿಟ್ಟರೆ ಸರಿ. ಟೆಂಪೊ ಟ್ರಾವೆಲರ್ ತರಬಹುದೇ ಅಂತಲೂ ಕೇಳಿದ್ದಿರಿ. ಡಿಸೆಂಬರಿನಿಂದ ಮೇವರೆಗೆ, ಘಾಟಿ ಓಡಿಸಿ ಗೊತ್ತಿರುವ ಡ್ರೈವರ್ ಇದ್ದರೆ ತನ್ನಿ. ಬಸ್ಸು ಮಾಡಿಕೊಂಡು ಬರುವುದಾದರೆ ಶಿರಾಡಿಯಲ್ಲೇ ಹೋಗಿ.