ಅಗ್ಗದ ಟ್ಯಾಬ್ ನಂಬಿ ಬೇಲಿ ಹಾಕಬೇಡಿ

ಪ್ರಶ್ನೆ: ಜಿಪಿಎಸ್ ಇದೆಯೆಂದು ಹೇಳಿ ಮಾರಿದ ಕಡಿಮೆ ಬೆಲೆಯ ಟ್ಯಾಬ್ ಕೊಂಡಿದ್ದೇನೆ. ಅಡಿಕೆ ತೋಟ ಅಳೆಯಲು ಇದು ಸಾಕೇ? ಪರೀಕ್ಷಿಸುವುದು ಹೇಗೆ?

ಉತ್ತರ: ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಹಣ ಕೊಟ್ಟಾದ ಮೇಲೆಯೇ ಕೇಳುತ್ತಾರೆ. ಮೊದಲು ಅದರಲ್ಲಿ ಜಿಪಿಎಸ್ ನಿಜವಾಗಿಯೂ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ವೈಫೈ ಮಾತ್ರವಿರುವ ಎಷ್ಟೋ ಟ್ಯಾಬ್‌ಗಳು ಅಕ್ಕಪಕ್ಕದ ವೈಫೈ ಜಾಲಗಳನ್ನು ಗುರುತಿಸಿ ನಕ್ಷೆಯಲ್ಲಿ ನೀಲಿ ಚುಕ್ಕೆ ಇಡುತ್ತವೆ. ಪೇಟೆಯಲ್ಲಿ ಸರಿಯೆನಿಸುವ ಆ ಚುಕ್ಕೆಯನ್ನು ತೋಟದಲ್ಲಿ ನಂಬುವಂತಿಲ್ಲ. ಆದ್ದರಿಂದ ವೈಫೈ ಮತ್ತು ಡೇಟಾ ಆಫ್ ಮಾಡಿ, ಬಯಲಿನಲ್ಲಿ ನಿಂತು, ಉಪಗ್ರಹಗಳ ಸಿಗ್ನಲ್ ತೋರಿಸುವ ಯಾವುದಾದರೊಂದು ಉಚಿತ ಆ್ಯಪ್ ತೆರೆಯಿರಿ. ಉಪಗ್ರಹವು ತನ್ನ ಕಕ್ಷೆಯ ವಿವರವನ್ನು ಸೆಕೆಂಡಿಗೆ ಕೇವಲ 50 ಬಿಟ್‌ನಂತೆ ಕಳುಹಿಸುವುದರಿಂದ, ಇಂಟರ್ನೆಟ್ ನೆರವಿಲ್ಲದಾಗ ಮೊದಲ ಸಲ ಕೆಲವು ನಿಮಿಷ ತಡವಾದರೆ ಅದು ದೋಷವಲ್ಲ. ನೋಡಬೇಕಾದದ್ದು ಸಿಗ್ನಲ್ಲಿನ ಬಲ ಹೇಳುವ ಅಂಕಿ: ನೆತ್ತಿಯ ಮೇಲಿನ ಉಪಗ್ರಹಗಳು 35ರಿಂದ 45 ಡೆಸಿಬೆಲ್-ಹರ್ಟ್ಸ್ ತೋರಿಸಬೇಕು, ತೆರೆದ ಆಕಾಶದಡಿಯಲ್ಲೂ ಎಲ್ಲವೂ 25ರ ಕೆಳಗೇ ಉಳಿದರೆ ಆಂಟೆನಾ ಕಳಪೆ, ಅಂಗಡಿಗೆ ಹಿಂತಿರುಗಿಸಿ. ಅನಂತರ ಟ್ಯಾಬನ್ನು ಕಲ್ಲಿನ ಮೇಲಿಟ್ಟು ಹತ್ತು ನಿಮಿಷ ಜಾಡು ದಾಖಲಿಸಿ. ಕದಲದೆ ಕುಳಿತ ಟ್ಯಾಬ್ ನಕ್ಷೆಯ ಮೇಲೆ ಎಷ್ಟು ದೂರ ಅಲೆದಿದೆಯೋ, ಅದರ ಅಳತೆ ಕನಿಷ್ಠ ಅಷ್ಟು ತಪ್ಪುತ್ತದೆ ಎಂದು ತಿಳಿಯಿರಿ. ಇದನ್ನೇ ಅಡಿಕೆ ಮರಗಳ ಅಡಿಯಲ್ಲಿ ಮತ್ತೊಮ್ಮೆ ಮಾಡಿ ನೋಡಿ.

ಒಳ್ಳೆಯ ಫೋನಿನಲ್ಲೂ ಬಯಲಿನಲ್ಲಿ ಸುಮಾರು 5 ಮೀಟರ್ ವ್ಯತ್ಯಾಸ ಸಹಜ. ಗುಂಟೆಯೆಂದರೆ 33 ಅಡಿಯ ಚೌಕ, ಬದಿಗೆ ಸುಮಾರು 10 ಮೀಟರ್; ಅಂದರೆ ಆ ವ್ಯತ್ಯಾಸ ಬದಿಯ ಅರ್ಧದಷ್ಟು. ನಾಲ್ಕೈದು ಎಕರೆಗೆ ಗೊಬ್ಬರ, ಹನಿ ನೀರಾವರಿ ಪೈಪು ಅಂದಾಜಿಸಲು ಟ್ಯಾಬ್ ಸಾಕು. ಗಡಿ ಗುರುತಿಸಲು ಖಂಡಿತ ಬೇಡ. ಟ್ಯಾಬ್ ಹಿಡಿದು ‘ಸ್ಯಾಟಲೈಟ್ ಸರ್ವೆ’ ಎಂದು ಹಣ ಕೇಳುವವರನ್ನು ಬೇಲಿಯ ಹೊರಗೇ ನಿಲ್ಲಿಸಿ, ಸರ್ಕಾರಿ ಭೂಮಾಪಕರು ಗಡಿ ಗುರುತಿಸಿಕೊಡುವ ಹದ್ದುಬಸ್ತಿಗೆ ಅರ್ಜಿ ಕೊಡಿ. ಭೂಮಾಪಕರ ಅಳತೆ ಉಪಕರಣವಾದ ರೋವರ್ ಕೂಡ ಉಪಗ್ರಹವನ್ನೇ ಬಳಸುತ್ತದೆ, ನಿಜ. ಆದರೆ ಅದು ನೆಲದ ಮೇಲಿನ ಸ್ಥಿರ ಕೇಂದ್ರಗಳಿಂದ ತಿದ್ದುಪಡಿ ಪಡೆದು ಸೆಂಟಿಮೀಟರ್ ಮಟ್ಟಕ್ಕೆ ಇಳಿಯುತ್ತದೆ.

ಪ್ರಶ್ನೆ: ಜಿಪಿಎಸ್ ಬೂಸ್ಟರ್ ಆ್ಯಪ್ ಹಾಕಿಕೊಳ್ಳಬಹುದೇ?

ಉತ್ತರ: ಆ್ಯಪ್‌ನಿಂದ ಆಂಟೆನಾ ಬೆಳೆಯುವುದಿಲ್ಲ, ಜಾಹೀರಾತು ಮಾತ್ರ ಬರುತ್ತದೆ.

ಪ್ರಶ್ನೆ: ಮೋಡವಿದ್ದರೆ ಜಿಪಿಎಸ್ ಸಿಗುವುದಿಲ್ಲವಂತೆ?

ಉತ್ತರ: ಮೋಡ ಅಡ್ಡಿಯಲ್ಲ, ನೆನೆದ ಎಲೆಗಳ ಚಪ್ಪರ ಅಡ್ಡಿ.

ಪ್ರಶ್ನೆ: ಪೆಟ್ಟಿಗೆಯ ಮೇಲೆ ನಾವಿಕ್ (ಜಿಪಿಎಸ್‌ನಂಥ ಭಾರತದ ಉಪಗ್ರಹ ವ್ಯವಸ್ಥೆ) ಎಂದಿದ್ದರೆ ಹೆಚ್ಚು ನಿಖರವೇ?

ಉತ್ತರ: ಹೆಸರು ನೋಡಬೇಡಿ. ಉಪಗ್ರಹಗಳು ಸಿಗ್ನಲ್ ಕಳುಹಿಸುವ ಎಲ್1 ಮತ್ತು ಎಲ್5 ಎಂಬ ಎರಡೂ ತರಂಗಾಂತರಗಳನ್ನು ಗ್ರಹಿಸುತ್ತದೆಯೇ ಎಂದು ಕೇಳಿ. ಗೋಡೆಗೆ ಬಡಿದು ಬರುವ ಸಿಗ್ನಲ್ಲಿನ ತಪ್ಪು ಅದರಿಂದ ತಗ್ಗುತ್ತದೆ.